ಸೇಬಿಗೆ ಸಾಲದ ಚಳಿ, ಮ್ಯಾಂಗೋಸ್ಟೀನ್‌ಗೆ ಹೆಚ್ಚಾದ ಚಳಿ

ಕೊಡಗಿನಲ್ಲಿ ಹೊಸ ಹಣ್ಣಿನ ಗಿಡ ನೆಡಲು ಹೊರಟವರಿಗೆ ಎದುರಾಗುವ ತೊಡಕು ವಿಚಿತ್ರವಾದದ್ದು. ಸೇಬಿಗೆ ಇಲ್ಲಿನ ಚಳಿ ಸಾಲದು, ಮ್ಯಾಂಗೋಸ್ಟೀನ್‌ಗೂ ರಂಬುಟಾನ್‌ಗೂ ಅದೇ ಚಳಿ ಹೆಚ್ಚು. ಹಿಮ ಬೀಳುವ ನಾಡಲ್ಲ ನಮ್ಮದು. ಡಿಸೆಂಬರ್, ಜನವರಿಯ ಕೆಲವು ಮುಂಜಾವುಗಳಲ್ಲಿ ಮಡಿಕೇರಿಯ ಸುತ್ತ ಉಷ್ಣಾಂಶ 10 ಡಿಗ್ರಿಯ ಆಸುಪಾಸಿಗೆ ಇಳಿಯುತ್ತದೆ, ಹೊತ್ತೇರಿದ ಮೇಲೆ ಸ್ವೆಟರ್ ಕಳಚಿಡುವಷ್ಟು ಬಿಸಿಲು. ಶಿಮ್ಲಾದವರು ಇದನ್ನು ಚಳಿ ಎಂದು ಕರೆಯಲಾರರು. ಆದರೆ ಮಲಯದ ಮಳೆಕಾಡಿನ ಕಡೆಯಿಂದ ಬಂದ ಮ್ಯಾಂಗೋಸ್ಟೀನ್ 20 ಡಿಗ್ರಿಯ ಕೆಳಗೆ ತೀರ ನಿಧಾನವಾಗಿ ಬೆಳೆಯುತ್ತದೆ, 5 ಡಿಗ್ರಿಯ ಹತ್ತಿರ ಬಂದರೆ ಸತ್ತೇ ಹೋಗುತ್ತದೆ.

ನಮ್ಮ ತೋಟ ಮಾದಾಪುರದ ಕಡೆ, ಸುಮಾರು ಸಾವಿರ ಮೀಟರ್ ಎತ್ತರದಲ್ಲಿದೆ. ಕಾಫಿ, ಕರಿಮೆಣಸು, ನಡುನಡುವೆ ಕಿತ್ತಳೆ ಎನ್ನುವುದು ಹಿರಿಯರ ಕಾಲದ ಏರ್ಪಾಡು. ಕಿತ್ತಳೆ ಸೊರಗುತ್ತಾ ಬಂದು ಜಾಗ ತೆರವಾದಾಗ ಅಲ್ಲಿ ಬೇರೆ ಹಣ್ಣು ತರಬೇಕೆಂಬ ಆಸೆ ಹುಟ್ಟಿತು. ತೋಟಗಾರಿಕೆಯನ್ನು ನಾನು ಓದಿ ಕಲಿತವನಲ್ಲ. ಕೆಳಗಿನದೆಲ್ಲ ಒಂದೇ ತೋಟದಲ್ಲಿ, ಬಹುಪಾಲು ಗಿಡಗಳನ್ನು ಕಳೆದುಕೊಂಡು ತಿಳಿದದ್ದು. ನಿಮ್ಮ ಜಾಗ ಬೇರೆಯಾಗಿರಬಹುದು. ಈ ಪಾಠಗಳೆಲ್ಲ ಸುತ್ತುವುದೂ ಆ ಮಾತಿನ ಸುತ್ತಲೇ.

1. ಜಿಲ್ಲೆಯ ಚಳಿ ಬೇರೆ, ತೋಟದ ಮೂಲೆಯ ಚಳಿ ಬೇರೆ

ಮೊದಲ ಮ್ಯಾಂಗೋಸ್ಟೀನ್ ಗಿಡಗಳನ್ನು ನೆಟ್ಟಿದ್ದು ತೋಟದ ತೀರ ಕೆಳಗೆ, ಹಡ್ಲು ಬಿದ್ದ ಗದ್ದೆಯ ಅಂಚಿನಲ್ಲಿ. ಅಲ್ಲಿ ಮಣ್ಣು ಆಳ, ಕೆರೆ ಹತ್ತಿರ, ಬೇಸಿಗೆಯಲ್ಲೂ ಹಸಿ ಆರುವುದಿಲ್ಲ, ಗಾಳಿಯ ಹೊಡೆತವೂ ಇಲ್ಲ. ಮಳೆಕಾಡಿನ ಮರಕ್ಕೆ ಇದಕ್ಕಿಂತ ಒಳ್ಳೆಯ ಜಾಗ ಸಿಗದು ಅಂದುಕೊಂಡೆ. ಗುಂಡಿ ತೋಡುತ್ತಿದ್ದಾಗ ನಮ್ಮಲ್ಲಿ ಬಹುಕಾಲದಿಂದ ಕೆಲಸಕ್ಕಿದ್ದ ಹಿರಿಯ ಹೆಂಗಸೊಬ್ಬರು, “ಸಾವ್ಕಾರ್ರೇ, ಇಲ್ಲಿ ಬೆಳಿಗ್ಗೆ ಹೊತ್ತು ಕೈ ಮರಗಟ್ತದೆ. ಈ ಸಾಲಿನ ಕಾಫಿ ಯಾವಾಗಲೂ ಹಿಂದೇನೇ” ಅಂದರು. ಕೇಳಿಸಿಕೊಂಡೆ, ಮನಸ್ಸಿಗೆ ಹಾಕಿಕೊಳ್ಳಲಿಲ್ಲ.

ಹುತ್ತರಿ ಹಬ್ಬ ಕಳೆದು ಆಕಾಶ ತಿಳಿಯಾದ ಮೇಲೆ ಆ ಮಾತಿನ ಅರ್ಥ ಹೊಳೆಯಿತು. ಮೋಡವಿಲ್ಲದ ರಾತ್ರಿ ನೆಲ ತನ್ನ ಬಿಸಿಯನ್ನೆಲ್ಲ ಆಕಾಶಕ್ಕೆ ಬಿಟ್ಟುಕೊಡುತ್ತದೆ. ನೆಲಕ್ಕೆ ತಾಗಿದ ಗಾಳಿ ತಣ್ಣಗಾಗಿ, ಭಾರವಾಗಿ, ಇಳಿಜಾರಿನಗುಂಟ ನೀರಿನಂತೆ ಹರಿದು ತಗ್ಗಿನಲ್ಲಿ ನಿಲ್ಲುತ್ತದೆ. ಬೆಳಿಗ್ಗೆ ಗದ್ದೆಯ ಮೇಲೆ ಮಂಜು ಕಟ್ಟಿ ಕೂತಿರುತ್ತದಲ್ಲ, ತಂಪು ಗಾಳಿ ಬಂದು ತಂಗಿದ್ದು ಎಲ್ಲಿಯವರೆಗೆ ಎನ್ನುವುದನ್ನು ಅದೇ ತೋರಿಸುತ್ತದೆ. ನನ್ನ ಗಿಡಗಳು ಅದರೊಳಗೆ ಮುಳುಗಿದ್ದವು. ಮ್ಯಾಂಗೋಸ್ಟೀನ್ ಎಲೆ ದಪ್ಪ, ಹೊಳಪು, ನೋಡಿದರೆ ಯಾವುದಕ್ಕೂ ಜಗ್ಗದು ಅನಿಸುತ್ತದೆ. ಜನವರಿಯಲ್ಲಿ ಮೊದಲು ಆ ಹೊಳಪು ಹೋಯಿತು. ಆಮೇಲೆ ಎಲೆಯ ತುದಿಯಿಂದ ಒಳಮುಖವಾಗಿ ಕಂದು ಹಬ್ಬಿತು, ನಡುನರ ಮಾತ್ರ ಹಸಿರಾಗಿ ಉಳಿಯಿತು. ತುದಿಯ ಜೋಡಿ ಎಲೆಗಳ ನಡುವೆ ಕೂತಿದ್ದ ಮೊಗ್ಗು ಕಪ್ಪಗಾಗಿತ್ತು, ಉಗುರು ತಾಗಿಸಿದರೆ ಉದುರಿತು. ಒಂದೇ ತುದಿಮೊಗ್ಗನ್ನು ನೆಚ್ಚಿ ಬೆಳೆಯುವ ಎಳೆ ಗಿಡಕ್ಕೆ ಅದು ಹೋದರೆ ಮತ್ತೆ ಹೊಸ ತುದಿ ಹೊರಡಲು ಎಷ್ಟೋ ಕಾಲ ಬೇಕು.

ಆ ಮೇಲೆ ಕನಿಷ್ಠ–ಗರಿಷ್ಠ ಉಷ್ಣಾಂಶ ಹಿಡಿದಿಡುವ ಥರ್ಮಾಮೀಟರುಗಳನ್ನು ತಂದು ಒಂದನ್ನು ಗದ್ದೆಯ ಅಂಚಿಗೂ ಇನ್ನೊಂದನ್ನು ಇಳಿಜಾರಿನ ನಡುಮಟ್ಟಕ್ಕೂ ಕಟ್ಟಿದೆ. ತಿಳಿ ರಾತ್ರಿಗಳಲ್ಲಿ ಎರಡರ ನಡುವೆ ಮೂರ್ನಾಲ್ಕು ಡಿಗ್ರಿ ಅಂತರ ಕಂಡಿತು, ಮೇಲಿನದೇ ಬೆಚ್ಚಗೆ. ಎತ್ತರಕ್ಕೆ ಹೋದಷ್ಟೂ ಚಳಿ ಎನ್ನುವುದು ಜಿಲ್ಲೆಯ ಮಟ್ಟಿಗೆ ನಿಜ, ಒಂದು ತೋಟದೊಳಗೆ ತಿರುವುಮುರುವಾಗಬಹುದು. ಈಗ ಚಳಿ ತಾಳದ ಗಿಡವನ್ನು ನಾನು ನಡು ಇಳಿಜಾರಿನಲ್ಲಿ, ಬೆಳಗಿನ ಬಿಸಿಲು ಬೇಗ ತಾಗುವ ಪೂರ್ವದ ಮುಖದಲ್ಲಿ ಮಾತ್ರ ನೆಡುತ್ತೇನೆ. ಗಿಡ ಕೊಳ್ಳುವ ಮೊದಲು ಒಂದು ಚಳಿಗಾಲವಿಡೀ ಥರ್ಮಾಮೀಟರ್ ಕಟ್ಟಿ ನೋಡುವುದು ನಷ್ಟದ ಕೆಲಸವಲ್ಲ. ಅದಕ್ಕೂ ಮೊದಲು, ಮುಂಜಾನೆ ತೋಟದಲ್ಲಿ ಕೆಲಸ ಮಾಡುವವರನ್ನು ಕೇಳಿ.

2. ಚಳಿ ಕುಗ್ಗಿಸುತ್ತದೆ, ಒಣಹವೆ ಕೊಲ್ಲುತ್ತದೆ

ಜಾಗ ಬದಲಿಸಿ ನೆಟ್ಟ ಗಿಡಗಳು ಜನವರಿ ದಾಟಿದವು. ಸಂಕ್ರಾಂತಿ ಕಳೆದಿದ್ದಕ್ಕೆ ಗಂಡಾಂತರ ಮುಗಿಯಿತು ಅಂದುಕೊಂಡೆ. ಅವು ಸತ್ತದ್ದು ಫೆಬ್ರವರಿಯ ಕೊನೆಯಲ್ಲಿ, ಮಾರ್ಚ್‌ನಲ್ಲಿ.

ಮ್ಯಾಂಗೋಸ್ಟೀನ್ ಬೇರು ಬಲು ಬಡಪಾಯಿ. ಕವಲು ಕಡಿಮೆ, ನೀರು ಹೀರುವ ಬೇರುಗೂದಲು ಇಲ್ಲವೆನ್ನುವಷ್ಟು ಅಪರೂಪ. ಚಳಿಯಲ್ಲಿ ಮಣ್ಣು ತಣ್ಣಗಾದಾಗ ಆ ಬೇರು ಇನ್ನಷ್ಟು ಮಂಕಾಗುತ್ತದೆ. ಅತ್ತ ನಮ್ಮಲ್ಲಿ ಡಿಸೆಂಬರಿನಿಂದ ಮಾರ್ಚ್‌ವರೆಗೆ ಮಳೆಯಿಲ್ಲ, ಹಗಲಲ್ಲಿ ಸುಡುಬಿಸಿಲು, ಮೂಡಣದ ಒಣಗಾಳಿ. ಎಲೆ ನೀರು ಕಳೆದುಕೊಳ್ಳುತ್ತಲೇ ಇರುತ್ತದೆ, ಬೇರು ತುಂಬಿಕೊಡಲಾರದು. ಕಾಫಿಯವರು ಹೂಮಳೆಗಾಗಿ ಆಕಾಶ ನೋಡುವ ಕಾಲ ಅದು. ಕಾಫಿ ಗಿಡವನ್ನು ಹೂವಿಗಾಗಿ ಒಣಗಲು ಬಿಡುವುದು ನಮಗೆ ರೂಢಿ, ಸ್ಪ್ರಿಂಕ್ಲರ್ ಹಚ್ಚುವುದೂ ಕಾಫಿಯ ಲೆಕ್ಕದಲ್ಲೇ. ಅದೇ ಸಾಲಿನ ನಡುವೆ ನಿಂತ ಮ್ಯಾಂಗೋಸ್ಟೀನ್‌ಗೂ ಆ ಉಪವಾಸ ಬಿತ್ತು. ಅದು ತಡೆಯಲಿಲ್ಲ.

ಈಗ ನವೆಂಬರ್ ಮುಗಿಯುವ ಹೊತ್ತಿಗೆ, ಮಣ್ಣಿನ ಹಸಿ ಆರುವ ಮೊದಲೇ, ಬುಡಕ್ಕೆ ಒಂದಡಿ ದಪ್ಪ ತರಗೆಲೆ ಹೊದಿಸುತ್ತೇನೆ. ಕಾಂಡದಿಂದ ಒಂದು ಗೇಣು ಬಿಟ್ಟು ಹೊದಿಸಬೇಕು, ಇಲ್ಲದಿದ್ದರೆ ತೊಗಟೆ ಕೊಳೆಯುತ್ತದೆ, ಗೆದ್ದಲು ಹತ್ತುತ್ತದೆ. ನೀರನ್ನು ಬೆಳಿಗ್ಗೆ ಹೊತ್ತೇರಿದ ಮೇಲೆ ಕೊಡುತ್ತೇನೆ. ಮೊದಲು ಸಂಜೆ ಹಾಯಿಸುತ್ತಿದ್ದೆ, ತಣ್ಣನೆ ರಾತ್ರಿಗೆ ತಣ್ಣನೆ ಕೆರೆನೀರು ಸೇರಿ ಮಣ್ಣು ಮತ್ತೂ ತಂಪಾಗುತ್ತಿತ್ತು. ವಾರಕ್ಕೊಮ್ಮೆ ಧಾರಾಳವಾಗಿ ಕೊಡುವುದಕ್ಕಿಂತ ದಿನ ಬಿಟ್ಟು ದಿನ ಒಂದೊಂದು ಕೊಡದಷ್ಟು ಕೊಟ್ಟದ್ದು ಎಳೆ ಗಿಡಕ್ಕೆ ಹಿಡಿಸಿತು.

3. ನೆರಳು ಬೇಕಾದ ತಿಂಗಳಲ್ಲೇ ಹಾಲುವಾಣ ಬೋಳಾಗುತ್ತದೆ

ಎಳೆ ಮ್ಯಾಂಗೋಸ್ಟೀನ್‌ಗೆ ಮೊದಲ ಕೆಲವು ವರ್ಷ ನೆರಳು ಬೇಕೇಬೇಕು. ಕಾಫಿ ತೋಟದಲ್ಲಿ ನೆರಳಿಗೆ ಬರವೇ? ಹಾಲುವಾಣದ ಕೆಳಗೆ ನೆಟ್ಟೆ. ಜೂನ್‌ನಲ್ಲಿ ದಟ್ಟ ನೆರಳು. ಅಷ್ಟು ನೆರಳು ಮಳೆಗಾಲದಲ್ಲಿ ಬೇಕಾಗಿರಲಿಲ್ಲ. ಚಳಿ ಶುರುವಾದಂತೆ ಹಾಲುವಾಣ ಎಲೆ ಉದುರಿಸಿತು, ರಾತ್ರಿ ಗಿಡದ ತಲೆಯ ಮೇಲೆ ಬರಿ ಆಕಾಶ, ಹಗಲು ನೆತ್ತಿಯ ಬಿಸಿಲು. ಮೇಲೊಂದು ಎಲೆಯ ಹೊದಿಕೆ ಇದ್ದರೆ ನೆಲದ ಬಿಸಿ ಅಷ್ಟು ಬೇಗ ಹಾರಿಹೋಗುವುದಿಲ್ಲ ಎನ್ನುವುದನ್ನು ಮರೆತಿದ್ದೆ.

ಹಲಸಿನಂಥ ಹಸಿರು ಬಿಡದ ಮರಗಳಿರುವ ಕಡೆ ಅದೇ ವಯಸ್ಸಿನ ಗಿಡಗಳು ನೆಟ್ಟಗೆ ಉಳಿದವು. ಅಂಥ ಮರ ಇಲ್ಲದ ಕಡೆ ನಾಲ್ಕು ಗೂಟ ನೆಟ್ಟು, ಮೇಲೆ ತೆಂಗಿನ ಗರಿಯನ್ನೋ ನೆರಳು ಬಲೆಯನ್ನೋ ಹಾಕಿದರೆ ಸಾಕು. ಪಡುವಣ ಮತ್ತು ತೆಂಕಣದ ಬದಿಯಲ್ಲಿ ಗರಿಯನ್ನು ಸ್ವಲ್ಪ ಕೆಳಗಿನವರೆಗೆ ಇಳಿಬಿಟ್ಟರೆ ಮಧ್ಯಾಹ್ನದ ಬಿಸಿಲೂ ತಪ್ಪುತ್ತದೆ. ಮರ ಕಪಾತಿಗೆ, ಅಂದರೆ ಕೊಂಬೆ ಸವರಲು, ಆಳುಗಳು ಬಂದಾಗ ಈ ಗಿಡಗಳ ಮೇಲಿನ ಕೊಂಬೆಗಳಿಗೆ ಕತ್ತಿ ಹಾಕದಂತೆ ಮೊದಲೇ ಬಟ್ಟೆ ಕಟ್ಟಿ ಗುರುತು ಮಾಡಿ. ಹೇಳಿದರೆ ನೆನಪಿಡುತ್ತಾರೆ ಎಂದುಕೊಂಡು ಸುಮ್ಮನಿದ್ದ ವರ್ಷ ನನ್ನ ಒಳ್ಳೆಯ ಗಿಡಗಳ ನೆತ್ತಿ ಬೋಳಾಗಿತ್ತು, ಅದರ ಹೊಣೆ ಆಳುಗಳದಲ್ಲ.

4. ಬೆಣ್ಣೆಹಣ್ಣಿಗೆ ಚಳಿಯ ಭಯವಿಲ್ಲ, ಮಳೆಯ ಭಯವಿದೆ

ಮ್ಯಾಂಗೋಸ್ಟೀನ್ ಕಲಿಸಿದ ಭಯವನ್ನು ಬೆಣ್ಣೆಹಣ್ಣಿಗೂ ಅಂಟಿಸಿಬಿಟ್ಟೆ. ನರ್ಸರಿಯವರು ಸೂಕ್ಷ್ಮ ಗಿಡ ಎಂದಿದ್ದರು, ನಾನು ಚಳಿಗೆ ಸೂಕ್ಷ್ಮ ಎಂದು ತಿಳಿದೆ. ಗಾಳಿ ತಾಗದ, ಬೆಚ್ಚನೆಯ, ಸಮತಟ್ಟಾದ ಜಾಗ ಹುಡುಕಿ ನೆಟ್ಟೆ. ನಾಲ್ಕನೆಯ ಮಳೆಗಾಲದವರೆಗೆ ಅವು ನನ್ನ ತೋಟದ ಹೆಮ್ಮೆಯಾಗಿದ್ದವು.

ಅಷ್ಟರಲ್ಲಿ 2018ರ ಆಗಸ್ಟ್ ಬಂತು. ಆ ಮಳೆಯಲ್ಲಿ ನಮ್ಮ ಸುತ್ತಿನ ಗುಡ್ಡಗಳೇ ಜರಿದವು, ಮನೆ, ತೋಟ, ಮನೆಯವರನ್ನೇ ಕಳೆದುಕೊಂಡವರು ಈಗಲೂ ಇಲ್ಲಿದ್ದಾರೆ. ಅವರ ನಡುವೆ ಇದ್ದುಕೊಂಡು ಬೆಣ್ಣೆಹಣ್ಣಿನ ಗಿಡಗಳ ಲೆಕ್ಕ ಹೇಳಲು ನನಗೆ ಮನಸ್ಸಿಲ್ಲ. ಮುಂದೆ ನೆಡುವವರಿಗೆ ಬೇಕಾದ ಮಾತಷ್ಟೇ ಹೇಳುತ್ತೇನೆ. ಸಮತಟ್ಟಿನಲ್ಲಿ ನೀರು ನಿಂತಿತು. ಮಳೆ ಬಿಟ್ಟ ಮೇಲೆ ಗಿಡಗಳ ಎಲೆ ಸಣ್ಣದಾಗಿ, ತಿಳಿಹಳದಿಯಾಗಿ ಜೋಲತೊಡಗಿತು. ನೀರು ಸಾಲದೆ ಬಾಡಿದ ಹಾಗೆ ಕಾಣುತ್ತದೆ, ಅದೇ ಮೋಸ. ಬುಡದ ತರಗೆಲೆ ಸರಿಸಿ ಮೇಲ್ಮಣ್ಣನ್ನು ಬೆರಳಲ್ಲೇ ಕೆದಕಿ ನೋಡಿದೆ. ಬದುಕಿರುವ ಗಿಡದಲ್ಲಿ ತರಗೆಲೆಯ ಅಡಿಯಲ್ಲೇ ಕೆನೆಬಣ್ಣದ ಎಳೆ ಬೇರುಗಳು ಹೆಣೆದುಕೊಂಡಿರುತ್ತವೆ. ನನ್ನ ಗಿಡಗಳಲ್ಲಿ ಅವು ಕಪ್ಪಾಗಿದ್ದವು, ಎಳೆದರೆ ತುಂಡಾಗುತ್ತಿದ್ದವು. ಫೈಟಾಫ್ತೊರಾ ಎಂಬ ಬೇರುಕೊಳೆಯ ರೋಗಾಣುವಿನ ಕೆಲಸ ಅದು. ಕರಿಮೆಣಸಿನ ಸೊರಗು ರೋಗ ತರುವುದೂ ಅದೇ ಕುಲದ ಇನ್ನೊಂದು ಜಾತಿ. ಮೆಣಸಿನ ಬುಡದಲ್ಲಿ ನೀರು ನಿಲ್ಲಬಾರದು ಎಂದು ಚಿಕ್ಕಂದಿನಿಂದ ಕೇಳಿಕೊಂಡು ಬಂದವನಿಗೆ ಬೆಣ್ಣೆಹಣ್ಣಿನ ಬುಡದ ಬಗ್ಗೆ ಅದೇ ಎಚ್ಚರ ಇರಲಿಲ್ಲ ಎನ್ನುವುದು ನನ್ನನ್ನು ಇವತ್ತಿಗೂ ಕಾಡುತ್ತದೆ.

ಈಗ ಬೆಣ್ಣೆಹಣ್ಣನ್ನು ಗುಂಡಿಯಲ್ಲಿ ನೆಡುವುದಿಲ್ಲ, ದಿಬ್ಬದ ಮೇಲೆ ನೆಡುತ್ತೇನೆ. ಮೇಲ್ಮಣ್ಣು, ಹಳೆಯ ಗೊಬ್ಬರ, ಕಾಫಿ ಸಿಪ್ಪೆಯ ಕಾಂಪೋಸ್ಟ್ ಸೇರಿಸಿ ಒಂದೂವರೆ ಅಡಿ ಎತ್ತರ, ನಾಲ್ಕೈದು ಅಡಿ ಅಗಲ ಏರಿಸಿ, ಅದರ ನೆತ್ತಿಯಲ್ಲಿ ಗಿಡ ಕೂರಿಸುವುದು. ಮೇ ಕೊನೆಯಲ್ಲಿ, ಮುಂಗಾರಿಗೆ ಮುನ್ನ, ಮೆಣಸಿನ ಜೊತೆಗೆ ಇವುಗಳ ಬುಡಕ್ಕೂ ಶೇಕಡಾ 1ರ ಬೋರ್ಡೋ ದ್ರಾವಣ ಹೋಗುತ್ತದೆ: 100 ಲೀಟರ್ ನೀರಿಗೆ 1 ಕಿಲೋ ಮೈಲುತುತ್ತ, 1 ಕಿಲೋ ಸುಣ್ಣ. ಕಡಿದಾದ ಇಳಿಜಾರಿನಲ್ಲಿ ದೊಡ್ಡ ಗುಂಡಿ ತೋಡುವುದನ್ನೂ, ನೀರು ಇಂಗಿಸುವ ಉದ್ದ ಕಾಲುವೆ ತೆಗೆಯುವುದನ್ನೂ ಆ ವರ್ಷದ ನಂತರ ಬಿಟ್ಟಿದ್ದೇನೆ. ಗಿಡಕ್ಕಿಂತ ಗುಡ್ಡ ಮುಖ್ಯ.

5. ಬೀಜದ ಗಿಡ ಯಾವುದಕ್ಕೆ ಸರಿ, ಯಾವುದಕ್ಕೆ ಸರಿಯಲ್ಲ ಎಂದು ಮೊದಲೇ ತಿಳಿಯಿರಿ

ಕೇರಳದಿಂದ ತಂದ ರಂಬುಟಾನ್ ಹಣ್ಣು ತಿಂದು, ಬೀಜ ಹಾಕಿ, ಸಾಕಿ ಬೆಳೆಸಿದೆ. ವರ್ಷಗಳ ಮೇಲೆ ಹೂ ಬಂತು, ಕಾಯಿ ಬರಲಿಲ್ಲ. ಬೀಜದಿಂದ ಹುಟ್ಟಿದ ರಂಬುಟಾನ್‌ಗಳಲ್ಲಿ ಹತ್ತಿರ ಹತ್ತಿರ ಅರ್ಧದಷ್ಟು ಗಂಡುಮರಗಳೇ ಆಗುತ್ತವೆ. ಗಂಡೋ ಹೆಣ್ಣೋ ಎಂಬುದು ಹೂ ಬಂದ ದಿನವೇ ಗೊತ್ತಾಗುವುದು. ಕಣ್ಣುಕಸಿ ಮಾಡಿದ ಗಿಡವೇ ಬೇಕು. ಚೆಟ್ಟಳ್ಳಿಯ ಕೇಂದ್ರೀಯ ತೋಟಗಾರಿಕಾ ಪ್ರಯೋಗ ಕೇಂದ್ರ ಕೆಂಪು ಹಣ್ಣಿನ ಅರ್ಕಾ ಕೂರ್ಗ್ ಅರುಣ್, ಹಳದಿ ಹಣ್ಣಿನ ಅರ್ಕಾ ಕೂರ್ಗ್ ಪೀತಾಭ್ ತಳಿಗಳನ್ನು ಕೊಟ್ಟಿದೆ. ನಮ್ಮ ಹವೆಯಲ್ಲೇ ಆರಿಸಿದವು ಅವು.

ಮ್ಯಾಂಗೋಸ್ಟೀನ್ ಇದಕ್ಕೆ ತದ್ವಿರುದ್ಧ. ಅದರ ಬೀಜ ಪರಾಗದ ಹಂಗಿಲ್ಲದೆ ತಾಯಿಮರದಿಂದಲೇ ಹುಟ್ಟುವುದರಿಂದ ಬೀಜದ ಗಿಡವೂ ತಾಯಿಯ ತಳಿಯೇ. ಕಸಿ ಎಂದು ಹೆಚ್ಚು ದುಡ್ಡು ಕೊಡಬೇಕಾಗಿಲ್ಲ. ಆದರೆ ಬೀಜ ಒಣಗಿತೋ ಕೆಟ್ಟಿತು. ಹಣ್ಣು ತಿಂದ ದಿನವೇ ತೊಳೆದು ಬಿತ್ತಬೇಕು. ಮೊದಲ ಹಣ್ಣಿಗೆ ಎಂಟು, ಹತ್ತು ವರ್ಷ, ನಮ್ಮ ಎತ್ತರದಲ್ಲಿ ಅದಕ್ಕೂ ಹೆಚ್ಚು ಕಾಯಬೇಕು. ನೀಲಗಿರಿಯ ಬುಡದಲ್ಲಿ, ಊಟಿ ರಸ್ತೆಯ ಕಲ್ಲಾರ್ ಮತ್ತು ಬರ್ಲಿಯಾರ್ ಸರ್ಕಾರಿ ಹಣ್ಣಿನ ತೋಟಗಳಲ್ಲಿ ಬ್ರಿಟಿಷರ ಕಾಲದ ಮ್ಯಾಂಗೋಸ್ಟೀನ್ ಮರಗಳಿವೆ. ಅವುಗಳನ್ನು ನೋಡಿ ಬಂದರೆ ಧೈರ್ಯವೂ ಬರುತ್ತದೆ, ಅವು ಊಟಿಯಲ್ಲಿಲ್ಲ, ಘಟ್ಟದ ಕೆಳಪಾದದಲ್ಲಿವೆ ಎನ್ನುವುದೂ ಕಣ್ಣಿಗೆ ಬೀಳುತ್ತದೆ. ಹಣ್ಣಿನ ಅಡಿಯಲ್ಲಿ ಹೂವಿನಾಕಾರದ ಒಂದು ಗುರುತಿರುತ್ತದೆ, ಅದರಲ್ಲಿ ಎಷ್ಟು ಎಸಳೋ ಒಳಗೆ ಅಷ್ಟೇ ತೊಳೆ. ಮಕ್ಕಳಿಗೆ ತೋರಿಸಿ, ಹಣ್ಣು ಒಡೆಯುವ ಮೊದಲೇ ಎಣಿಸಿ ಹೇಳುವುದು ಅವರಿಗೆ ಬಲು ಇಷ್ಟ.

ಅಂದಹಾಗೆ ಕಾಚಂಪುಳಿ ಎಂಬ ನಮ್ಮ ಹುಳಿರಸ ತೆಗೆಯುವ ಪಣಪುಳಿಯೂ ಮ್ಯಾಂಗೋಸ್ಟೀನೂ ಒಂದೇ ಗಾರ್ಸೀನಿಯಾ ಕುಲದವು. ಆದ್ದರಿಂದ ಒಂದು ಬೆಳೆದ ಕಡೆ ಇನ್ನೊಂದೂ ಬೆಳೆದೀತು ಎಂದು ನಾನು ವಾದ ಮಾಡುತ್ತಿದ್ದ ಕಾಲವಿತ್ತು. ಪಣಪುಳಿ ತಲೆತಲಾಂತರದಿಂದ ಈ ಬೆಟ್ಟದ ಚಳಿ, ಮಳೆ, ಒಣಹವೆ ಮೂರನ್ನೂ ಉಂಡು ಬದುಕಿದ ಮರ. ದಾಯಾದಿ ಎಂಬ ಕಾರಣಕ್ಕೆ ಮ್ಯಾಂಗೋಸ್ಟೀನ್‌ಗೆ ಆ ಗಟ್ಟಿತನ ಬರಲಿಲ್ಲ.

6. ಒಂದು ಜಿಲ್ಲೆಯೊಳಗೆ ಐದು ಡಿಗ್ರಿ ಅಂತರ ಇದೆ

ಕಸಿ ರಂಬುಟಾನ್ ತಂದ ಮೇಲೂ ನನ್ನ ಮರಗಳಿಗೆ ಪ್ರತಿ ಜನವರಿ ಚಿಗುರು ಸುಡುವುದು ತಪ್ಪಲಿಲ್ಲ. ಅದೇ ಗುಂಪಿನ ಗಿಡಗಳನ್ನು ಸಂಪಾಜೆಯ ಭಾವನವರಿಗೂ ಕೊಟ್ಟಿದ್ದೆ. ಅವರು ಅಡಿಕೆ ತೋಟದ ಅಂಚಿನಲ್ಲಿ, ವಿಶೇಷ ಆರೈಕೆ ಏನೂ ಇಲ್ಲದೆ ನೆಟ್ಟರು, ಕೊಂಬೆ ಬಾಗುವಷ್ಟು ಹಣ್ಣು ಬಿಡುತ್ತದೆ. ನನ್ನ ಆರೈಕೆಯಲ್ಲೇ ಏನೋ ಕೊರತೆ ಎಂದು ಗೊಬ್ಬರ ಬದಲಿಸಿದೆ, ನೀರು ಬದಲಿಸಿದೆ. ಕೊನೆಗೆ ಎತ್ತರದ ಲೆಕ್ಕ ಹಾಕಿದೆ. ಸಾವಿರ ಮೀಟರ್ ಏರಿದರೆ ಉಷ್ಣಾಂಶ ಸುಮಾರು ಆರೂವರೆ ಡಿಗ್ರಿ ಇಳಿಯುತ್ತದೆ. ಸಂಪಾಜೆ, ಪೆರಾಜೆಗಳು ಕೊಡಗು ಜಿಲ್ಲೆಯೊಳಗೇ ಇದ್ದರೂ ಘಟ್ಟದ ಬುಡದವು, ನನ್ನಲ್ಲಿಗಿಂತ ಐದು ಡಿಗ್ರಿಯಾದರೂ ಬೆಚ್ಚಗಿವೆ. ಕೊಡಗಿಗೆ ಒಗ್ಗುವ ಹಣ್ಣು ಎಂದು ಯಾರಾದರೂ ಹೇಳಿದರೆ ಕೊಡಗಿನ ಯಾವ ಎತ್ತರಕ್ಕೆ ಎಂದು ಕೇಳಿ. ಮಳೆಯೂ ಹಾಗೆಯೇ. ಭಾಗಮಂಡಲದ ಮಳೆಗೂ ಕುಶಾಲನಗರದ ಮಳೆಗೂ ಹೋಲಿಕೆಯೇ ಇಲ್ಲ.

ರಂಬುಟಾನ್ ಮರಗಳನ್ನು ನಾನು ಕಡಿದಿಲ್ಲ. ಕಾಯಿ ಬಿಟ್ಟ ವರ್ಷವೂ ಕಡಿಮೆಯೇ ಬಿಡುತ್ತವೆ, ಆದರೆ ಕೆಳಗಿನ ತೋಟಗಳ ಹಣ್ಣು ಮುಗಿದ ಮೇಲೆ ಹಣ್ಣಾಗುತ್ತವೆ. ಆಗ ಬೆಲೆಯೂ ತುಸು ಚೆನ್ನಾಗಿರುತ್ತದೆ. ಮಂಗ, ಬಾವಲಿಗಳಿಗೂ ಆ ಹೊತ್ತಿಗೆ ಬೇರೆ ಹಣ್ಣು ಕಡಿಮೆ, ಬಲೆ ಹೊದಿಸದೆ ಒಂದು ಗೊಂಚಲೂ ಕೈಗೆ ಸಿಗುವುದಿಲ್ಲ.

7. ಹೆಸರಾದ ತಳಿಗಿಂತ ಬೇಲಿಯಂಚಿನ ಮರ ನೋಡಿ

ಹಾಸ್ ಎಂಬ ಬೆಣ್ಣೆಹಣ್ಣಿನ ತಳಿ ಜಗತ್ತಿನ ಮಾರುಕಟ್ಟೆಯನ್ನೇ ಆಳುತ್ತಿದೆ. ಕ್ಯಾಲಿಫೋರ್ನಿಯಾದಲ್ಲಿ ರುಡಾಲ್ಫ್ ಹಾಸ್ ಎಂಬವರ ತೋಟದಲ್ಲಿ ಬೀಜದಿಂದ ಹುಟ್ಟಿದ ಮರ ಅದು, 1935ರಲ್ಲಿ ಪೇಟೆಂಟ್ ಆಯಿತು. ಅಲ್ಲಿನ ಒಣ, ತಂಪು ಹವೆಗೆ ಹೇಳಿ ಮಾಡಿಸಿದ ತಳಿ. ಬೆಣ್ಣೆಹಣ್ಣಿನಲ್ಲಿ ಮೂರು ಬುಡಕಟ್ಟುಗಳಿವೆ: ಮೆಕ್ಸಿಕೋದ್ದು ಚಳಿಯನ್ನು ಎಲ್ಲಕ್ಕಿಂತ ಚೆನ್ನಾಗಿ ತಾಳುತ್ತದೆ, ಗ್ವಾಟೆಮಾಲದ್ದು ನಡುವಿನದು, ವೆಸ್ಟ್ ಇಂಡೀಸಿನದು ಸೆಕೆಯ ನಾಡಿನದು. ಹಾಸ್‌ನಲ್ಲಿ ಮೊದಲೆರಡರ ರಕ್ತವಿದೆ. ಚಳಿಗೆ ಸರಿಹೋಗುತ್ತದೆ ಎಂದು ಅದನ್ನೇ ದುಬಾರಿ ಬೆಲೆಗೆ ತರಿಸಿದೆ. ಚಳಿಗೆ ನಿಜವಾಗಿಯೂ ಅಂಜಲಿಲ್ಲ. ಮುಂಗಾರಿನ ತೇವಕ್ಕೆ ಕಾಯಿಯ ಮೇಲೆ ಕಪ್ಪು ಚುಕ್ಕಿ ಎದ್ದಿತು, ಉಳಿದ ಕಾಯಿ ಅಂಗೈಯಲ್ಲಿ ಅಡಗುವಷ್ಟು ಸಣ್ಣದು.

ಅದೇ ಹೊತ್ತಿಗೆ ಕೆಲಸಗಾರರ ಲೈನ್‌ಮನೆಗಳ ಹಿಂದೆ, ಯಾರೋ ತಿಂದು ಎಸೆದ ಬೀಜದಿಂದ ಹುಟ್ಟಿದ ಒಂದು ಮರ ವರ್ಷ ತಪ್ಪದೆ ಬಿಡುತ್ತಿತ್ತು. ಅದರ ಕಡ್ಡಿ ತೆಗೆದು ಕಸಿ ಕಟ್ಟಬೇಕೆಂದು ನನಗೆ ಹೊಳೆಯಲು ತುಂಬ ಕಾಲ ಬೇಕಾಯಿತು. ಕೊಡಗಿನ ಕಾಫಿ ತೋಟಗಳಲ್ಲಿ ಹೀಗೆ ತಾವಾಗಿಯೇ ಎದ್ದ ಮರಗಳು ಎಷ್ಟೋ ಇವೆ. ಚೆಟ್ಟಳ್ಳಿಯ ಕೇಂದ್ರದಿಂದ ಬಂದ ಅರ್ಕಾ ಸುಪ್ರೀಂ, ಅರ್ಕಾ ಕೂರ್ಗ್ ರವಿ ತಳಿಗಳೂ ಇಲ್ಲಿನ ಹವೆಯಲ್ಲಿ ಬೆಳೆಸಿ, ನೋಡಿ, ಆರಿಸಿದವು.

ಇನ್ನೊಂದು ವಿಷಯವನ್ನು ಇಲ್ಲೇ ಹೇಳಿಬಿಡಬೇಕು. ಬೆಣ್ಣೆಹಣ್ಣಿನ ಒಂದೇ ಹೂವು ಎರಡು ಸಲ ಅರಳುತ್ತದೆ, ಮೊದಲು ಹೆಣ್ಣಾಗಿ, ಮರುದಿನ ಗಂಡಾಗಿ. ‘ಎ’ ಗುಂಪಿನ ತಳಿಗಳು ಬೆಳಿಗ್ಗೆ ಹೆಣ್ಣಾಗಿ ಅರಳಿ ಮರುದಿನ ಮಧ್ಯಾಹ್ನ ಗಂಡಾಗುತ್ತವೆ, ‘ಬಿ’ ಗುಂಪಿನವು ಮಧ್ಯಾಹ್ನ ಹೆಣ್ಣಾಗಿ ಮರುದಿನ ಬೆಳಿಗ್ಗೆ ಗಂಡಾಗುತ್ತವೆ. ಹಾಸ್ ‘ಎ’ ಗುಂಪಿನದು. ಎರಡೂ ಗುಂಪು ಹತ್ತಿರವಿದ್ದರೆ ಕಾಯಿ ಕಚ್ಚುವುದು ಹೆಚ್ಚು. ನಮ್ಮಲ್ಲಿ ಹೂ ಬರುವುದು ಚಳಿಯಲ್ಲೇ, ಚಳಿ ಹೆಚ್ಚಾದರೆ ಅರಳುವ ವೇಳೆಯೇ ಏರುಪೇರಾಗುತ್ತದೆ, ಹೆಣ್ಣುಹೂ ಅರಳುವ ಹೊತ್ತಿಗೆ ಜೇನ್ನೊಣ ಗೂಡು ಸೇರಿರುತ್ತದೆ. ಮರ ಹೂವಿನಿಂದ ಮುಚ್ಚಿಹೋಗಿ ಕಾಯಿ ನಿಲ್ಲದ ವರ್ಷಗಳಲ್ಲಿ ಗೊಬ್ಬರವನ್ನು ದೂರುವ ಮೊದಲು ಆ ವಾರಗಳ ಚಳಿ ಎಷ್ಟಿತ್ತೆಂದು ನೆನಪಿಸಿಕೊಳ್ಳಿ. ಬೇರೆ ಬೇರೆ ಹೊತ್ತಿಗೆ ಹೂ ಬಿಡುವ ನಾಲ್ಕೈದು ಮರಗಳು ಮತ್ತು ತೋಟದಲ್ಲಿ ಜೇನುಪೆಟ್ಟಿಗೆ, ಇವೆರಡೂ ನನಗೆ ಗೊಬ್ಬರಕ್ಕಿಂತ ಹೆಚ್ಚು ನೆರವಾಗಿವೆ.

8. ಸೇಬು ನೆಟ್ಟೆ, ಕಿತ್ತೆ

ಕಡಿಮೆ ಚಳಿ ಸಾಕೆನ್ನುವ ಸೇಬಿನ ತಳಿಗಳು ಈಗ ಎಲ್ಲರ ಬಾಯಲ್ಲಿವೆ. ಇಸ್ರೇಲಿನಿಂದ ಬಂದ ಅನ್ನಾ, ಬಹಾಮಾಸ್‌ನ ಡಾರ್ಸೆಟ್ ಗೋಲ್ಡನ್, ಹಿಮಾಚಲದ ಬಿಲಾಸ್‌ಪುರದ ರೈತ ಹರಿಮನ್ ಶರ್ಮಾ ಅವರ ಎಚ್‌ಆರ್‌ಎಂಎನ್-99. ಸೆಕೆಯ ಊರಲ್ಲಿ ಸೇಬು ಬೆಳೆದು ತೋರಿಸಿದ ಶರ್ಮಾ ಅವರ ಛಲ ದೊಡ್ಡದು. ನಮ್ಮಲ್ಲಿ ತೊಡಕು ಬೇರೆ ಇತ್ತು. ಸೇಬಿಗೆ ಬೇಕಾದ, 7 ಡಿಗ್ರಿಯ ಕೆಳಗಿನ ಚಳಿಯ ಗಂಟೆಗಳು ನಮ್ಮಲ್ಲಿ ತೀರ ಕಡಿಮೆ, ಮರ ಎಲೆ ಉದುರಿಸಿ ಮಲಗುವುದೇ ಇಲ್ಲ. ಡಿಸೆಂಬರಿನಲ್ಲಿ ಎಲೆಗಳನ್ನು ಕೈಯಲ್ಲೇ ಕಿತ್ತು ಮಲಗಿಸಿದೆ, ಹೂ ಬಂತು, ಒಂದಷ್ಟು ಕಾಯಿಯೂ ನಿಂತಿತು. ಕಾಯಿ ಬಲಿಯುವ ಹೊತ್ತಿಗೆ ಸರಿಯಾಗಿ ಮುಂಗಾರು ಬಂದು ಎಲ್ಲ ಕೊಳೆಯಿತು. ಮನೆಯಂಗಳದಲ್ಲಿ ಖುಷಿಗೆ ಒಂದೆರಡು ಮರ ಬೆಳೆಸುವವರನ್ನು ತಡೆಯಲಾರೆ. ಎಕರೆಗಟ್ಟಲೆ ನೆಡಬೇಡಿ ಎಂದು ಮಾತ್ರ ಕೈಮುಗಿದು ಹೇಳುತ್ತೇನೆ.

9. ನಮ್ಮ ಚಳಿಗೇ ಒಲಿದ ಮರವೂ ಇದೆ

ಲಿಚಿಯನ್ನು ನಾನು ಬಹಳ ತಡವಾಗಿ ನೆಟ್ಟೆ. ಉತ್ತರದ ಹಣ್ಣು, ಇಲ್ಲಿಗಲ್ಲ ಎಂದು ಬದಿಗಿಟ್ಟಿದ್ದೆ. ಲಿಚಿಗೆ ಹೂ ಬಿಡಲು ತಂಪು ಬೇಕು. ಕರಾವಳಿಯ ಸೆಕೆಯಲ್ಲಿ ಅದು ಚಿಗುರೊಡೆಯುತ್ತಲೇ ಇರುತ್ತದೆ, ಹೂವಿನ ಸುದ್ದಿಯಿಲ್ಲ. ಇಲ್ಲಿನ ಎತ್ತರ ಅದಕ್ಕೆ ಹದವಾಗಿದೆ. ಬಿಹಾರದ ಮುಜಫ್ಫರ್‌ಪುರದಲ್ಲಿ ಮೇ, ಜೂನ್‌ನಲ್ಲಿ ಹಣ್ಣಾಗುವ ಲಿಚಿ ಕೊಡಗು, ವಯನಾಡಿನಲ್ಲಿ ಹಣ್ಣಾಗುವುದು ಡಿಸೆಂಬರಿನ ಸುತ್ತ. ಉತ್ತರದಲ್ಲೆಲ್ಲೂ ಲಿಚಿ ಇಲ್ಲದ ಕಾಲ ಅದು. ಮಳೆಯೂ ಮುಗಿದಿರುತ್ತದೆ, ಹಣ್ಣಿಗೆ ಬಣ್ಣ ಚೆನ್ನಾಗಿ ಏರುತ್ತದೆ. ಗೂಟಿ ಕಟ್ಟಿದ ಗಿಡ ತನ್ನಿ, ಬೀಜದ್ದು ಬೇಡ. ನೆಡುವಾಗ ಹಳೆಯ ಲಿಚಿ ಮರದ ಬುಡದ ಮಣ್ಣು ಒಂದು ಬುಟ್ಟಿ ಸಿಕ್ಕರೆ ಗುಂಡಿಗೆ ಸೇರಿಸಿ, ಬೇರಿನೊಂದಿಗೆ ಕೂಡಿ ಬಾಳುವ ಶಿಲೀಂಧ್ರ ಅದರಲ್ಲಿರುತ್ತದೆ. ಬಿಹಾರದ ತೋಟಗಾರರ ಹಳೆಯ ರೂಢಿ ಇದು, ಇಲ್ಲೂ ಫಲ ಕೊಟ್ಟಿದೆ. ಎಳೆಯ ಗಿಡಕ್ಕೆ ಮಾತ್ರ ಮೊದಲೆರಡು ಚಳಿಗಾಲ ಮ್ಯಾಂಗೋಸ್ಟೀನ್‌ನಷ್ಟೇ ಜತನ ಬೇಕು.

10. ಆಗಸ್ಟ್ ನಂತರ ಯೂರಿಯಾ ಮುಟ್ಟಬೇಡಿ

ಕಾಫಿಗೆ ಮಳೆಗಾಲದ ನಂತರದ ಗೊಬ್ಬರ ಹಾಕುವಾಗ ಈ ಹಣ್ಣಿನ ಗಿಡಗಳಿಗೂ ಒಂದು ಹಿಡಿ ಹಾಕಿಸುತ್ತಿದ್ದೆ. ನವೆಂಬರಿನಲ್ಲಿ ಚೆಂದದ ಎಳೆ ಚಿಗುರು ಹೊರಟು, ಡಿಸೆಂಬರಿನ ಚಳಿಗೆ ಅದೇ ಮೊದಲು ಸುಟ್ಟಿತು. ಸಾರಜನಕದ ಗೊಬ್ಬರವೆಲ್ಲ ಆಗಸ್ಟಿಗೆ ಮುಗಿಯಬೇಕು. ಆಮೇಲೆ ಬೇಕಾದರೆ ಪೊಟ್ಯಾಷ್, ಕಾಂಪೋಸ್ಟ್. ಚಿಗುರು ಗಟ್ಟಿಯಾಗಿ, ಎಲೆ ಬಲಿತು ಚಳಿಗಾಲಕ್ಕೆ ಕಾಲಿಟ್ಟ ಗಿಡ ಅರ್ಧ ಗೆದ್ದ ಹಾಗೆ.

ನೆಡುವ ಕಾಲವನ್ನೂ ಇದೇ ಲೆಕ್ಕದಲ್ಲಿ ನೋಡಿ. ಮ್ಯಾಂಗೋಸ್ಟೀನ್, ರಂಬುಟಾನ್, ಲಿಚಿ ಮೇ ಕೊನೆಯ ಮೊದಲ ಮಳೆಗೇ ನೆಲ ಸೇರಲಿ, ಚಳಿ ಬರುವ ಮೊದಲು ಬೇರಿಗೆ ಪೂರ್ತಿ ಒಂದು ಮಳೆಗಾಲ ಸಿಗುತ್ತದೆ. ಬೆಣ್ಣೆಹಣ್ಣನ್ನು ಮಾತ್ರ ಆಗಸ್ಟಿನ ಹೊಡೆತ ಇಳಿದ ಮೇಲೆ, ಕೈಲ್‌ ಪೊಳ್ದ್ ಹಬ್ಬ ಕಳೆದು, ದಿಬ್ಬದ ಮೇಲೆ ನೆಡುತ್ತೇನೆ. ಅದಕ್ಕೆ ಮೊದಲ ಬೇಸಿಗೆ ನೀರು ಹೊತ್ತು ಹಾಕಬೇಕಾಗುತ್ತದೆ, ಆದರೂ ಸರಿ. ಚಳಿಗಾಲದ ಥರ್ಮಾಮೀಟರಿನ ಲೆಕ್ಕವನ್ನು ಮನೆಯ ಕ್ಯಾಲೆಂಡರಿನ ಮೇಲೆ ಬರೆದಿಡುತ್ತಿದ್ದೇನೆ. ಸುತ್ತಿನ ಊರುಗಳಲ್ಲಿ ಗಿಡ ನೆಡುವವರು ಬಂದು ನೋಡಿಕೊಳ್ಳಬಹುದು, ಲೈನ್‌ಮನೆಯ ಹಿಂದಿನ ಆ ಮರದ ಕಸಿಕಡ್ಡಿಯನ್ನೂ ಕೊಂಡೊಯ್ಯಬಹುದು. ಕಡ್ಡಿ ತೆಗೆಯಲು ಹೂವು ಮೂಡುವ ಮೊದಲೇ ಬನ್ನಿ.